ಹೊಗೆ ಎಲ್ಲಿ ಹೋಗ್ತತಿ?

ನಸುಕಿನ ನಾಲ್ಕಕ್ಕೆ ಅಮ್ಮಿ ಭಟ್ಟಿಗೆ ಹೊಟ್ಟು ಸುರಿಯುತ್ತಾಳೆ.
ಬಾಣಲೆಯ ಮರಳು ಕಾಯುತ್ತಲೇ
ಉಪ್ಪುನೀರು ಕುಡಿದ ಅಕ್ಕಿ ಒಂದೇ ಉಸಿರಿಗೆ ಅರಳಿ
ಜರಡಿಯ ಮೇಲೆ ಬಿಳಿ ಗುಡ್ಡೆ.
ಆಜಾದ್ ನಗರದ ತಗಡುಗಳ ಮೇಲೆ ಕರಿ ಹೊಗೆ,
ಒಣಹಾಕಿದ ನನ್ನ ಯೂನಿಫಾರಂ ಮೇಲೂ.

ಮಂಡಕ್ಕಿ ಚೀಲಕ್ಕೆ ಒರಗಿ ಕೂತು
ಜೀವಶಾಸ್ತ್ರ ಓದುತ್ತೇನೆ, ಗಟ್ಟಿಯಾಗಿ,
ಇಲ್ಲದಿದ್ದರೆ ನಿದ್ದೆ.
"ಜೀವಕೋಶದೊಳಗೆ ಆಹಾರ ಉರಿಯುತ್ತದೆ."
ಅಮ್ಮಿಯ ಕೈ ನಿಂತಿತು.
"ಉರಿತತಾ? ಹಂಗಾದ್ರೆ ಹೊಗೆ ಎಲ್ಲಿ ಹೋಗ್ತತಿ?"

ನಮ್ಮ ಕ್ಲಾಸಿನ ಮೂವತ್ತೆಂಟು ಹುಡುಗಿಯರಲ್ಲಿ
ಒಬ್ಬಳೂ ಇದನ್ನು ಕೇಳಿರಲಿಲ್ಲ.

ನಿನ್ನ ಮೂಗಿನಿಂದಲೇ, ಅಂದೆ.
ಬಣ್ಣ ಇಲ್ಲ, ಮಸಿ ಇಲ್ಲ.
ಈಗ ಬಿಟ್ಟೆಯಲ್ಲ ಉಸಿರು,
ನಿನ್ನೆ ರಾತ್ರಿಯ ರೊಟ್ಟಿ ಇದೆ ಅದರಲ್ಲಿ.

ಅವಳು ಅಂಗೈಗೆ ಊದಿ ಮೂಸಿ ನೋಡಿದಳು.

ಆದರೆ ಇಲ್ಲಿಯ ಹಾಗೆ ಭಗ್ಗನೆ ಅಲ್ಲ ಅಮ್ಮಿ,
ಹಾಗೆ ಉರಿದಿದ್ದರೆ ನಾವೂ ಅರಳಿ ಸಿಡಿಯುತ್ತಿದ್ದೆವು.
ಸಕ್ಕರೆಯ ಒಂದು ಅಣು ಅಂದರೆ ಐನೂರರ ನೋಟು ಅಂದುಕೋ.
ಇಷ್ಟು ಮುಂಜಾನೆ ಯಾವ ಚಾ ಅಂಗಡಿಯವ ಚಿಲ್ಲರೆ ಕೊಟ್ಟಾನು?
ಜೀವಕೋಶ ಹೊಸಿಲಲ್ಲೇ ಅದನ್ನು ಎರಡಾಗಿ ಮುರಿದು
ಎರಡು ಬಿಡಿಕಾಸು ಇಟ್ಟುಕೊಂಡು
ಚೂರುಗಳನ್ನು ಒಳಭಟ್ಟಿಗೆ ಕಳಿಸುತ್ತದೆ.
ಅಲ್ಲಿ ಕೈಯಿಂದ ಕೈಗೆ, ಕೈಯಿಂದ ಕೈಗೆ,
ಲಾರಿಗೆ ಚೀಲ ದಾಟಿಸುವ ಹಮಾಲರ ಸಾಲಿನಂತೆ,
ಕಸುವು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ,
ಇಳಿದಷ್ಟೂ ಚಿಲ್ಲರೆ.
ಸಾಲಿನ ಕೊನೆಗೆ ಆಮ್ಲಜನಕ, ಬರಿಗೈಯಲ್ಲಿ.
ಅದು ಇಸಿದುಕೊಳ್ಳದಿದ್ದರೆ
ಹಿಂದಿನವರೆಲ್ಲ ಹೊರೆ ಹೊತ್ತೇ ನಿಲ್ಲಬೇಕು.
ಇಸಿದುಕೊಂಡರೆ ನೀರು. ಬರೀ ನೀರು.

"ಬೆಂಕಿಯಾಗ ನೀರು!" ಅಮ್ಮಿ ನಕ್ಕಳು.
ಆಮೇಲೆ ಕೆಮ್ಮು. ಆ ಹೊಗೆ ಒಳಗಿನದಲ್ಲ.
"ಗಾಳಿ ಸಾಲದಿದ್ರೆ?"

ಅರ್ಧಕ್ಕೇ ನಿಲ್ಲುತ್ತದೆ.
ಹೊಸಿಲ ಮೇಲಿನ ಎರಡು ಕಾಸಷ್ಟೇ,
ಮಿಕ್ಕಿದ್ದು ಹುಳಿ,
ಬೆಣ್ಣೆದೋಸೆಯವರು ರಾತ್ರಿ ಮುಚ್ಚಿಟ್ಟ ಹಿಟ್ಟಿನಂತೆ.

ಇಷ್ಟು ಹೇಳಿದೆ. ಇನ್ನೊಂದು ಹೇಳಲಿಲ್ಲ.
ಪುಟದ ಅಂಚಿಗೆ, ಸಣ್ಣಕ್ಷರದಲ್ಲಿತ್ತು:
ಒಳಗಿನ ಈ ಭಟ್ಟಿಗಳು ತಾಯಿಯಿಂದಲೇ ಬರುತ್ತವೆ,
ತಂದೆಯ ಪಾಲು ಇಲ್ಲ.
ನಾನಿ ಅಮ್ಮಿಗೆ ಕೊಟ್ಟದ್ದು,
ನಾನಿಗೆ ಅವಳ ತಾಯಿ, ಹೆಸರು ಯಾರಿಗೂ ನೆನಪಿಲ್ಲ.
"ಭಟ್ಟಿ ನಂಗೇ ಸಾಕು, ನಿಂಗೆ ಬ್ಯಾಡ"
ಎಂದು ದಿನಾ ಅನ್ನುವವಳಿಗೆ
ಇದನ್ನು ಹೇಗೆ ಓದಲಿ?

ಜರಡಿಯಿಂದ ಒಂದು ಬೊಗಸೆ ತೆಗೆದು
ನನ್ನ ಪುಸ್ತಕದ ಮೇಲೇ ಸುರಿದಳು.
"ತಿನ್ನು. ಆರಿದ್ರೆ ಮೆತ್ತಗಾಗ್ತತಿ."

ಬಿಸಿ ಇತ್ತು.
ಊದಿದೆ.