ಹದಿನೇಳರ ಗುಲ್ಮ

ಪಾದೋವಾದ ಜನವರಿ. ಮಂಜಿನೊಳಗೆ ಸೈಕಲ್ಲು ತಳ್ಳಿಕೊಂಡು
ಆರಕ್ಕೇ ಬರುತ್ತಾಳೆ ಎರ್ಸಿಲಿಯಾ,
ಕರವಸ್ತ್ರದಲ್ಲಿ ನಿನ್ನೆಯ ಪೊಲೆಂಟಾದ ತುಂಡು.
ನೆಲಮಾಳಿಗೆಯ ಬಾಗಿಲು ತೆಗೆದರೆ
ಮರದ ಹೊಟ್ಟು, ಉಚ್ಚೆ, ಬೆಚ್ಚಗಿನ ಉಸಿರು,
ಇನ್ನೂರ ಹತ್ತು ಇಲಿ ಒಟ್ಟಿಗೆ ಎದ್ದ ಸದ್ದು
ಜರಡಿಯಲ್ಲಿ ಸಾಸಿವೆ ಆಡಿದ ಹಾಗೆ.

ನಾನು ಪಟ್ಟಿ ಬರೆಯುವವನು.
ಹುಟ್ಟಿದ ದಿನವೇ ವೈರಸ್ಸು ಕಂಡ ಮರಿಗಳು ಎಡದ ಸಾಲಿಗೆ.
ತೊಟ್ಟಿಲಿಗೇ ಬಂದವನನ್ನು ಹೊರಗಿನವನೆಂದು
ಯಾವ ಮೈ ತಾನೆ ಹೇಳೀತು?
ಮನೆಮಗನೆಂದು ಹೊಟ್ಟೆಗೆ ಹಾಕಿಕೊಂಡು
ಮೂರು ತಿಂಗಳು ಚೆನ್ನಾಗಿಯೇ ಬೆಳೆದವು.
ನಾಲ್ಕನೆಯದರಲ್ಲಿ ತುಪ್ಪುಳು ಕೆದರಿತು, ಬೆನ್ನು ಬಾಗಿತು,
ಎದೆಯೊಳಗೆ ಥೈಮಸ್ಸು ಉಬ್ಬಿ
ಉಸಿರಿಗೆ ಅಡ್ಡ ಕೂತಿತು.
ಲಿಂಫೋಮಾ, ಎಂದು ಬರೆದೆ. ಮತ್ತೆ ಲಿಂಫೋಮಾ.
ಸಾಲಿನ ಕೊನೆಗೆ ಬರೀ ಲಿಂ.

ಬಲದ ಸಾಲಿನವು ಬಲಿತ ಮೇಲೆ ಸೂಜಿ ಕಂಡವು,
ತಾವು ಯಾರೆಂದು ಅಷ್ಟರಲ್ಲಿ ಗೊತ್ತಾಗಿತ್ತು ಅವಕ್ಕೆ.
ಹದಿನೇಳರ ತೊಡೆಯಲ್ಲಿ ಗಡ್ಡೆ ಎದ್ದಿತು, ಅವರೆಕಾಳಿನಷ್ಟು.
ಕ್ಯಾಲಿಪರ್ ಹಿಡಿದು ದಿನಾ ಅಳೆದೆ:
ಒಂಬತ್ತು ಮಿಲಿಮೀಟರ್, ಹನ್ನೊಂದು,
ಹನ್ನೊಂದೇ,
ಏಳು, ಮೂರು.
ಆಮೇಲೆ ಕ್ಯಾಲಿಪರಿನ ಬಾಯಿಗೆ ಬರೀ ಚರ್ಮ.
ಮತ್ತೊಮ್ಮೆ ಚುಚ್ಚಿದೆವು, ದುಪ್ಪಟ್ಟು. ಏಳಲೇ ಇಲ್ಲ.

'ಅದಕ್ಕೆ ನೆನಪಿದೆ,' ಎಂದರು ಪ್ರೊಫೆಸರ್ ಕವೆದೊನ್
ಕನ್ನಡಕ ಹಣೆಗೇರಿಸಿ, ಹಬ್ಬದ ಮುಖದಲ್ಲಿ.
'ನನಗೂ ಇದೆ,' ಎಂದಳು ಎರ್ಸಿಲಿಯಾ,
'ಬಾಲದ ತುದಿ ಕಚ್ಚಿಸಿಕೊಂಡದ್ದು ಇದೇ.'

ಗೆದ್ದದ್ದರಿಂದಲೇ ಅದರ ಸರದಿ ಬಂತು.
ಗುರುವಾರ, ಕಾಫಿಗೆ ಮುಂಚೆ.
ನೆನಪು ಇರುವುದು ಗುಲ್ಮದಲ್ಲಂತೆ:
ಹುಣಿಸೆಬೀಜದ ಬಣ್ಣ, ಒಂದೂವರೆ ಸೆಂಟಿಮೀಟರ್,
ಅಂಗೈ ಮೇಲೆ ಇನ್ನೂ ಬಿಸಿ.
ಉಕ್ಕಿನ ಬಲೆಯ ಮೇಲಿಟ್ಟು ತಿಕ್ಕಿದೆ,
ಕೆಳಗಿಳಿದ ಮಬ್ಬು ನೀರಿನಲ್ಲಿ
ಎಂಟು ಕೋಟಿ ಕಣ.
ಕ್ರೋಮಿಯಂ ಉಂಡ ಗಡ್ಡೆಯ ಕಣಗಳ ಮೇಲೆ ಒಂದಿಷ್ಟು ಸುರಿದೆ;
ನಾಲ್ಕು ಗಂಟೆ ಕಳೆದು ಗಾಮಾ ಯಂತ್ರ
ಬಾಣಲೆಯ ಜೋಳದಂತೆ ಸಿಡಿಯತೊಡಗಿತು.
ಮಿಕ್ಕಿದ್ದನ್ನು ಆರು ಇಲಿಗಳಿಗೆ ಹಂಚಿದೆ,
ಅದೇ ಬೆಳಿಗ್ಗೆ ಗಡ್ಡೆಯ ಬೀಜ ಬಿತ್ತಿದ್ದವಕ್ಕೆ.

ಫೆಬ್ರವರಿ ಮುಗಿಯಿತು. ಆರರಲ್ಲಿ ನಾಲ್ಕು ಉಳಿದವು.
ಪ್ರೊಫೆಸರ್ ಒಂದು ಪ್ರೊಸೆಕ್ಕೊ ತರಿಸಿದರು, ಕುಡಿದೆವು.
ಎರ್ಸಿಲಿಯಾ ಲೋಟ ಮುಟ್ಟಲಿಲ್ಲ. ಮುನಿಸಲ್ಲ,
ಅವಳಿಗೆ ಗ್ಯಾಸ್ಟ್ರಿಕ್ಕು.
ಪಂಜರ ತೊಳೆದು ಬೋರಲು ಹಾಕುತ್ತಾ ಕೇಳಿದಳು,
'ಈ ನಾಲ್ಕರಲ್ಲಿ ಹದಿನೇಳು ಯಾವುದು?'

ನನ್ನ ಪಟ್ಟಿಯಲ್ಲಿ 'ವಾಸಿಯಾದ ದಿನ' ಒಂದು ಕಾಲಂ,
ಪಕ್ಕದಲ್ಲೇ 'ಕೊಂದ ದಿನ'.
ಎರಡಕ್ಕೂ ಒಂದೇ ಪೆನ್ನು. ಈ ಪ್ರಶ್ನೆಗೆ
ಮೂರನೆಯ ಗೆರೆ ಎಳೆಯಲು
ಹಾಳೆಯಲ್ಲಿ ಜಾಗ ಇರಲಿಲ್ಲ.