ತಿದ್ದಿದಲ್ಲಿ ಸಹಿ

ಗಣತಿಯ ಹಾಳೆಯಲ್ಲಿ ಹತ್ತನೆಯ ಕಲಮು: ಮಾತೃಭಾಷೆ.
ಒಂದು ಚೌಕ. ಒಂದೇ ಉತ್ತರ.
ಬಾಳೆಲೆಯ ಶಾಲೆಗೆ ಮೂರು ದಿನ ಬಾರದೆ
ಕೊರಳಿಗೆ ಬಿಲ್ಲೆ ತೂಗಿಸಿಕೊಂಡು ಹೊರಟವಳು ನಾನು,
ಏಳನೆಯ ಕ್ಲಾಸಿನ ಕನ್ನಡ ಟೀಚರು,
ವಿಭಕ್ತಿ ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುವವಳು.

ಮುತ್ತವ್ವ ಕಣದಲ್ಲಿ ಕಾಫಿ ಹರಡುತ್ತಿದ್ದಳು,
ಬರಿಗಾಲಲ್ಲಿ ಸಾಲು ಎಳೆಯುತ್ತಾ.
ತಲೆಯೆತ್ತದೆ ಹೇಳಿದಳು: "ನಾಡ ತಕ್ಕ್."
ನನ್ನ ಕಿವಿಗೆ ಬಿದ್ದದ್ದು ನಾಡು, ಷಷ್ಠೀ ವಿಭಕ್ತಿ:
ನಾಡಗೀತೆ, ನಾಡಹಬ್ಬ,
ನಾಡಕಚೇರಿಯ ನೇರಳೆ ಮೊಹರು.
"ಯಾವ ನಾಡಿನದು, ಅಜ್ಜಿ?"
ಅವಳು ಕಾಲು ನಿಲ್ಲಿಸಿದಳು.
"ನಾಡ ಅಂದರೆ ನನ್ನದು, ಟೀಚರೆ.
ನನ್ನ ಮಾತು. ಅಷ್ಟೇ.
ನಿಮ್ಮದರಲ್ಲಿ ಅದು ಅಷ್ಟು ದೊಡ್ಡದಾ?"

ಗೇಟಿನ ಕಂಬಕ್ಕೆ ಎರಡು ಬ್ಯಾನರು, ಒಂದರ ಮೇಲೊಂದು.
ಕೆಳಗಿನದು ಏನು ಬರೆಸಬೇಕೆಂದು ಹೇಳುತ್ತದೆ,
ಮೇಲಿನದು ಏನು ಬರೆಸಕೂಡದೆಂದು.
ಎರಡೂ ಕನ್ನಡದಲ್ಲಿ. ಎರಡರಲ್ಲೂ ಕಾಗುಣಿತ ತಪ್ಪು.
ಕೆಂಪು ಪೆನ್ನು ಬ್ಯಾಗಿನಲ್ಲಿತ್ತು, ತೆಗೆಯಲಿಲ್ಲ.
ಮುತ್ತವ್ವನ ಮೊಮ್ಮಗ ಇಬ್ಬರಿಗೂ ಕಾಫಿ ಕೊಟ್ಟನಂತೆ.
"ಜೀಪಿನಲ್ಲಿ ಬಂದವರು ಕುಡಿಯುವುದು ಒಂದೇ ಥರ,
ಬಿಸಿ ಆರುವ ಮೊದಲು" ಎಂದು ನಕ್ಕ.

ತೋಟದ ಕೆಳಗೆ ಲೈನ್‌ಮನೆ. ಬೊಳಚಿ.
ನಾನು ಬಾಯಿ ತೆರೆಯುವ ಮೊದಲೇ ರೈಟರು ಅಂದ:
"ಎರವ ಅಂತ ಬರ್ಕೊಳ್ಳಿ ಮೇಡಂ, ಈ ಸಾಲಿಗೆಲ್ಲ ಅದೇ."
ಬರೆದೆ.
"ರಾವುಳ" ಎಂದಳು ಬೊಳಚಿ ಒಲೆ ಊದುತ್ತಾ,
ನನಗಲ್ಲ, ಹೊಗೆಗೆ.
ಆಗ ನನ್ನ ಕನ್ನಡ ನನಗೇ ಕೇಳಿಸಿತು:
ಎರವಲು ತಂದ ಪುಸ್ತಕ,
ಎರವಲು ತಂದ ಕೊಡೆ,
ಎರವಲಿನ ಜನ.
ಯಾರು ಯಾರಿಗೆ ಕೊಟ್ಟಿದ್ದರು?
ಯಾವ ಶುಕ್ರವಾರ ಹಿಂತಿರುಗಿಸುವ ಮಾತಾಗಿತ್ತು?
ಅವಳ ಮೊಮ್ಮಗ ನನ್ನನ್ನು ಕಂಡು ಬಾಗಿಲ ಹಿಂದೆ ಸರಿದ.
ಕಳೆದ ವಾರ ಬೆಂಚು ಹತ್ತಿಸಿದ್ದೆ.

ಹೊಡೆದುಹಾಕಿ ಮೇಲೆ ಬರೆದೆ.
ತಿದ್ದಿದಲ್ಲಿ ಸಹಿ ಬೇಕು. ನನ್ನದು ಹಾಕಿದೆ.
ಇಂಕಿನ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ
ಬೊಳಚಿ ಒತ್ತಿಯಾಗಿತ್ತು,
ಮಸಿ ಅವಳ ಹೆಬ್ಬೆರಳಲ್ಲೇ ಇತ್ತು.

ಪಕ್ಕದ ಬಾಗಿಲಲ್ಲಿ ಅಸ್ಸಾಮಿನಿಂದ ಬಂದ ಹುಡುಗಿ,
ಸೊಂಟದಲ್ಲಿ ಎಂಟು ತಿಂಗಳ ಕೂಸು.
ಅದಕ್ಕಿನ್ನೂ ಮಾತು ಬಂದಿಲ್ಲ.
ಚೌಕ ಬಂದಿದೆ.

ನನ್ನ ಮನೆಯ ಹಾಳೆ ತುಂಬಿದ್ದು ಡ್ರಿಲ್ ಮೇಷ್ಟ್ರು ಪರಶಿವಪ್ಪ.
"ನಿಮ್ಮದು ಕನ್ನಡವೇ ಅಲ್ಲವೆ, ಕೇಳುವುದೇನು" ಎಂದರು.
ಹೂಂ ಎಂದೆ.
ಸುಳ್ಳಲ್ಲ. ಸಂಬಳ ಬರುವುದು ಅದರಲ್ಲಿ,
ಕನಸು ಕೂಡ, ಈಚೆಗೆ.
ಆದರೆ ಚೇರಂಬಾಣೆಯಲ್ಲಿ ಅವ್ವ ಇದೆ ಎನ್ನುವುದಿಲ್ಲ,
ಉಟ್ಟು ಎನ್ನುತ್ತಾಳೆ.
ಅನ್ನ ಉಟ್ಟು, ಮಳೆ ಉಟ್ಟು, ಜ್ವರ ಉಟ್ಟು,
ಇರುವುದೆಂದರೆ ಮೈಮೇಲೆ ಉಡುವುದೆಂಬಂತೆ.
ಟ್ರೈನಿಂಗಿನ ಮೊದಲ ವಾರ ಬಾಯಿತಪ್ಪಿ
"ಪುಸ್ತಕ ಉಟ್ಟು" ಎಂದಿದ್ದೆ.
ಇಡೀ ತರಗತಿ ನಕ್ಕಿತು,
ಪುಸ್ತಕಕ್ಕೆ ಸೀರೆ ಉಡಿಸಿದವಳೆಂದು
ಎರಡು ವರ್ಷ ಅದೇ ನನ್ನ ಹೆಸರು.
ಅಂದು ಕಳಚಿಟ್ಟದ್ದು, ಮಡಿಸಿ.
ನಮ್ಮ ಮಾತನ್ನು ಕರೆಯುವುದೇ ಅರೆಭಾಷೆ ಎಂದು.
ಇನ್ನರ್ಧ ಯಾರ ಮನೆಯಲ್ಲಿದೆಯೋ
ಯಾವ ಬ್ಯಾನರೂ ಹೇಳಲಿಲ್ಲ.

ರಾತ್ರಿ ಹಾಳೆ ಎಣಿಸಿ ಕಟ್ಟುವಾಗ ಕರೆಂಟು ಹೋಯಿತು.
ನೂರಾ ಹನ್ನೆರಡು ಮನೆ, ಒಂದು ತಿದ್ದುಪಡಿ.
ಫೋನು. ಅವ್ವ: "ಹೆಂಗುಟ್ಟು?"
"ಚೆನ್ನಾಗಿದೆ" ಎಂದೆ.
ಆ ಕಡೆ ಸದ್ದಿಲ್ಲ.
ಸಿಗ್ನಲ್ಲು ಹೋಯಿತೋ,
ಅವ್ವನೇ ಸುಮ್ಮನಾದಳೋ.
ತುಸು ಹೊತ್ತು ಬಿಟ್ಟು, ರಾಂಗ್ ನಂಬರಿಗೆ ಕೇಳುವವಳ ಹಾಗೆ,
ಮತ್ತೆ:
"ಹೆಂಗುಟ್ಟು?"