ಮೂರೂವರೆಯ ಸಾವು

ಹನ್ನೆರಡಕ್ಕೊಮ್ಮೆ, ಮೂರೂವರೆಗೊಮ್ಮೆ,
ಬೇಸಿಗೆಯಾದರೆ ಆರಕ್ಕೆ ಇನ್ನೊಮ್ಮೆ
ಸಾಯುತ್ತೇನೆ.
ಸೋಮವಾರ ರಜೆ.

ಅಲ್ಮೆರಿಯಾದ ಈ ಒಣ ಬಯಲಿನ ಸುಳ್ಳೂರಲ್ಲಿ
ಬ್ಯಾಂಕಿಗೆ ಮುಂಗೋಡೆ ಮಾತ್ರ,
ಚರ್ಚಿನೊಳಗೆ ಕುದುರೆಗಳ ಹುಲ್ಲು,
ಸಾರಾಯಿ ಅಂಗಡಿಯ ಮಹಡಿಗೆ ಮೆಟ್ಟಿಲಿಲ್ಲ.
ಹಿಂದಿನಿಂದ ಏಣಿ ಹತ್ತಬೇಕು
ಕೈಯಲ್ಲಿ ಬಂದೂಕು, ಬಾಯಲ್ಲಿ ಬೈಗುಳ,
ಮೇಲ್ತುಟಿಗೆ ಅಂಟಿಸಿದ ಮೀಸೆ.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ,
ನಮ್ಮಲ್ಲಿ ಹಾಗಲ್ಲ.
ಮೀಸೆ ಮಣ್ಣಾಗಲೇಬೇಕು.
ಅದಕ್ಕೇ ಸಂಬಳ.

ಬೀಳುವುದೇನು, ಯಾರಾದರೂ ಬೀಳಬಲ್ಲರು.
ಬೀಳುವ ಮುಂಚಿನ ಆ ಅರೆಗಳಿಗೆ,
ಗುಂಡು ತಾಗಿದ್ದು ಮೈಗೆ ತಿಳಿದು
ಮನಸ್ಸಿಗಿನ್ನೂ ತಿಳಿಯದವನ ಹಾಗೆ ನಿಲ್ಲುವುದಿದೆಯಲ್ಲ,
ಅದಕ್ಕೆ ಆರು ವರ್ಷ ಹಿಡಿಯಿತು.
ಕಲಿಸಿದವಳು ಕಸಿಲ್ದಾ.
ಈಗ ಅವಳ ಸೊಂಟದಲ್ಲಿ ಎರಡು ಸ್ಕ್ರೂ.
ಟಿಕೆಟ್ ಕಿಟಕಿಯಲ್ಲಿ ಕೂತು ಚಿಲ್ಲರೆ ಎಣಿಸುತ್ತಲೇ
ಸದ್ದಿನಲ್ಲೇ ಹಿಡಿಯುತ್ತಾಳೆ:
ಎಡಭುಜ ಮೊದಲು ತಾಗಿತು, ಅಲ್ವಾ?

ಕೆಳಗೆ, ನೀರಿನ ತೊಟ್ಟಿಯ ಮರೆಯಲ್ಲಿ
ರಟ್ಟಿನ ಪೆಟ್ಟಿಗೆಗಳು.
ಪ್ಲಾಸ್ಟಿಕ್ ಚಪ್ಪರಗಳ ಬಿಳಿ ಸಮುದ್ರದ ಆಚೆ
ಟೊಮೆಟೊ ತುಂಬುವ ಶೆಡ್ಡಿನಿಂದ
ಇದ್ರಿಸ್ ತರುತ್ತಾನೆ, ವಾರಕ್ಕೆ ನೂರು.
ತಳ ಬಿಚ್ಚಿರಬಾರದು. ಒಳಗೆ ಗಾಳಿಯೊಂದೇ ಇರಬೇಕು.
ಮೂರು ಸಾಲು, ಮೇಲೊಂದು ಹಾಸು,
ಅದರ ಮೇಲೆ ಮಣ್ಣಿನ ಬಣ್ಣದ ಬಟ್ಟೆ.
ಜರ್ಮನಿಗೆ ಹೋಗಬೇಕಿದ್ದ ಪೆಟ್ಟಿಗೆಗಳು
ನನ್ನ ಬೆನ್ನು ಹಿಡಿದು ಜಜ್ಜಿಹೋಗುತ್ತವೆ.
ನಾನು ಉರುಳಿ ಬೀದಿಗೆ ಬಂದು
ಎಲ್ಲರಿಗೂ ಕಾಣುವಂತೆ ಸಾಯುತ್ತೇನೆ.
ಇದ್ರಿಸ್‌ಗೆ ಇದೇ ತಮಾಷೆ:
"ಬಗ್ಗಿ ಬಗ್ಗಿ ನನ್ನ ನಡು ಹೋಯ್ತು,
ಒಬ್ಬರಾದರೂ ಚಪ್ಪಾಳೆ ತಟ್ಟಿದರಾ ನೋಡು!"

ಆಮೇಲೆ ತಾದೆಯೊ ಬರುತ್ತಾನೆ, ಶವಪೆಟ್ಟಿಗೆಯವನು,
ಕರಿ ಟೋಪಿ, ಕೈಯಲ್ಲಿ ಅಳತೆಯ ಟೇಪು.
ನೆತ್ತಿಯಿಂದ ಹಿಮ್ಮಡಿವರೆಗೆ ಅಳೆಯುತ್ತಾನೆ.
ಜನ ನಗುತ್ತಾರೆ. ಅವನು ತುಟಿ ಅಲುಗದೆ
ಊಟಕ್ಕೇನೆಂದು ಹೇಳುತ್ತಾನೆ: ಬೇಳೆ. ಮತ್ತೆ ಬೇಳೆ.
ನಿನ್ನೆ ಬೇರೇನೋ ಹೇಳಿದ:
"ಹನ್ನೊಂದು ವರ್ಷದಿಂದ ಅಳೀತಿದ್ದೀನಿ ಮಾರಾಯ,
ಒಂದು ಬೆರಳು ಕಡಿಮೆಯಾಗಿದ್ದೀಯ."

ಸತ್ತವನು ನಗಬಾರದು.
ಪಕ್ಕೆಲುಬು ಹಿಡಿದುಕೊಂಡಿತ್ತು. ನರಳಲೂಬಾರದು.
ಪಾಪ, ಸತ್ತವನಿಗೆ ಎಷ್ಟೊಂದು ನಿಯಮ.

ಗೆದ್ದ ಶೆರಿಫ್ ಐದು ನಿಮಿಷ ಭಾಷಣ ಬಿಗಿಯುತ್ತಾನೆ
ನಾಲ್ಕು ಭಾಷೆಯಲ್ಲಿ, ನಾಲ್ಕೂ ತಪ್ಪು.
ಅಷ್ಟು ಹೊತ್ತೂ ಕೆನ್ನೆ ಕಾದ ಮಣ್ಣಿಗೆ,
ಒಂದು ಕಣ್ಣು ಅರೆ ತೆರೆದು,
ನೊಣ ಬಂದರೆ ಬರಲಿ.

ಆಟ ಮುಗಿದ ಮೇಲೆ ಫೋಟೋ.
ಒಬ್ಬಳು ಹುಡುಗಿ, ಮುಂದಿನ ಹಲ್ಲು ಬಿದ್ದವಳು,
ನನ್ನ ಪಕ್ಕ ನಿಲ್ಲಲು ಒಪ್ಪಲಿಲ್ಲ.
ದೂರದಿಂದಲೇ ಕೇಳಿದಳು:
ಸತ್ತಾಗ ಏನು ಕಾಣಿಸಿತು?
ಅವಳಪ್ಪ ನಕ್ಕ, ಕ್ಷಮೆ ಕೇಳುವವನಂತೆ.
ನಾನು ಸುಳ್ಳು ಹೇಳಲಿಲ್ಲ.
ಬ್ಯಾಂಕಿನ ಜಗಲಿಯ ಹಲಗೆಯಡಿ
ಬೆಕ್ಕು ಮರಿ ಹಾಕಿದೆ. ಐದು.
ಇನ್ನೂ ಕಣ್ಣು ಬಿಟ್ಟಿಲ್ಲ,
ಇಷ್ಟೊಂದು ಗುಂಡಿನ ಸದ್ದಿಗೂ ಎಚ್ಚರವಿಲ್ಲ.
ಮಲಗಿದವರಿಗೆ ಮಾತ್ರ ಕಾಣುತ್ತವೆ.

ಅವಳು ಬೀದಿಯ ನಡುವೆ, ನಾನು ಸತ್ತ ಜಾಗದಲ್ಲೇ
ಬೋರಲು ಮಲಗಿ, ಕೆನ್ನೆ ನೆಲಕ್ಕೊತ್ತಿ ನೋಡಿದಳು,
ಬಿಳಿ ಫ್ರಾಕಿನ ಪರಿವೆಯಿಲ್ಲದೆ.
ಬಹಳ ಹೊತ್ತು ನೋಡಿದಳು.
ಅವಳಮ್ಮ ಕೂಗಿದರೂ ಏಳಲಿಲ್ಲ.
ನಗಿಸಲೆಂದು ಟೇಪು ಬಿಚ್ಚಿ
ಹೆಜ್ಜೆ ಮುಂದಿಟ್ಟ ತಾದೆಯೊ
ಯಾಕೋ ಅದನ್ನು ಸುತ್ತಿ ಜೇಬಿಗೆ ಹಾಕಿಕೊಂಡ.

ಆರರ ಆಟಕ್ಕೆ ಇನ್ನೂ ಸಮಯವಿತ್ತು.
ಜಜ್ಜಿದ್ದು ತೆಗೆದು ಹೊಸ ಪೆಟ್ಟಿಗೆ ಜೋಡಿಸುವಾಗ
ಒಂದರ ಮೂಲೆಯಲ್ಲಿ ಟೊಮೆಟೊ, ದೋರುಗಾಯಿ.
ಅಂಗಿಗೆ ಒರೆಸಿ ತಿಂದೆ.
ಕಸಿಲ್ದಾ ಕಿಟಕಿಯಿಂದ ಕೂಗಿದಳು:
ಬಲಕ್ಕೆ ಒಂದು ಗೇಣು ಸರಿಸೋ,
ಪೆಟ್ಟಿಗೆಯನ್ನಲ್ಲ,
ಬೀಳುವುದನ್ನು.